ಮಾರಮ್ಮನಿಗಾದರೂ ತವರುಮನೆ ಇದೆ

ಅಮ್ಮನ ವರ್ಷದ ತಿಥಿಗೆ ಮೂರು ವಾರ ಉಳಿದಿತ್ತು. ಪೇಪರಿಗೆ ಕೊಡಲು ಫೋಟೋ ಆರಿಸಿಯಾಗಿತ್ತು, ತಮ್ಮ ದುಡ್ಡೂ ಕಳಿಸಿದ್ದ. ಫೋಟೋದ ಕೆಳಗೆ ಹಾಕುವ ನಾಲ್ಕು ಸಾಲು ಮಾತ್ರ ಬರೆಯಲಾಗುತ್ತಿಲ್ಲ ಅಂತ ಆಕೆ ಕೌನ್ಸೆಲಿಂಗ್‌ಗೆ ನನ್ನ ಹತ್ತಿರ ಬಂದರು.

"ತ್ಯಾಗಮಯಿ ಅಂತ ಬರೆಯೋಕೆ ಕೂತ್ರೆ ಕೈ ನಡುಗುತ್ತೆ ಮೇಡಂ. ಆ ತ್ಯಾಗ ಮಾಡಿಸಿದ್ದು ಯಾರು? ನಾನೇ ಅಲ್ವಾ?"

ವಯಸ್ಸು, ಕೆಲಸ, ಮನೆಯ ವಿವರ ಬದಲಾಯಿಸಿದ್ದೇನೆ. ಊರು ಮಾತ್ರ ಸಾಗರವೇ. ಅದನ್ನು ಬದಲಾಯಿಸಿದರೆ ಹೇಳಲು ಏನೂ ಉಳಿಯುವುದಿಲ್ಲ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಇಂಥ ಕಥೆ ಇಟ್ಟುಕೊಂಡು ನನ್ನ ಹತ್ತಿರ ಬರುವವರು ಜಾಸ್ತಿಯಾಗುತ್ತಿದ್ದಾರೆ, ಅದಕ್ಕೇ ಬರೆಯಬೇಕು ಅನ್ನಿಸಿತು.

ಮೊಮ್ಮಗ ಹುಟ್ಟಿದಾಗ "ಆರು ತಿಂಗಳು ಇದ್ದು ಹೋಗ್ತೀನಿ" ಅಂತ ಬೆಂಗಳೂರಿಗೆ ಬಂದ ಅಜ್ಜಿ 18 ವರ್ಷ ಉಳಿದರು. ಮೊಮ್ಮಗಳೂ ಹುಟ್ಟಿದಳು. ಮಗಳು ಬ್ಯಾಂಕಿನಲ್ಲಿ ದುಡಿದರು, ಅಜ್ಜಿ ಮನೆ ನಡೆಸಿದರು. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ. 18 ವರ್ಷದಲ್ಲಿ ಆರು ಜಾತ್ರೆ. ಅಜ್ಜಿ ಹೋಗಿದ್ದು ಎರಡಕ್ಕೆ. ಜಾತ್ರೆ ಬರುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ಒಂದು ಸಲ ಮೊಮ್ಮಗನ ಎಸ್ಸೆಸ್ಸೆಲ್ಸಿ ಅಡ್ಡ ಬಂತು. ಇನ್ನೊಂದು ಸಲ ಮೊಮ್ಮಗಳಿಗೆ ಮೈಮೇಲೆ ಅಮ್ಮ ಎದ್ದಿತ್ತು. ಮತ್ತೊಂದು ಸಲ ಬ್ಯಾಂಕಿನ ವರ್ಷಾಂತ್ಯದ ಲೆಕ್ಕ. ಉಳಿದ ಒಂದು ಸಲ ಯಾಕೆ ತಪ್ಪಿತು ಅಂತ ಆಕೆಗೆ ನೆನಪೇ ಇಲ್ಲ. ಆ ನೆನಪಿಲ್ಲದ್ದೇ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಮೊದಲ ದಿನ ನಾನೊಂದು ತಪ್ಪು ಮಾಡಿದೆ. "ನಿಮ್ಮ ತಪ್ಪೇನೂ ಇಲ್ಲ, ಅವರು ಪ್ರೀತಿಯಿಂದಲೇ ಇದ್ದರು" ಅಂದೆ. ಆಕೆ ತಲೆಯಾಡಿಸಿ ಸುಮ್ಮನಾದರು. 11 ತಿಂಗಳಿಂದ ನೆಂಟರೆಲ್ಲ ಅದನ್ನೇ ಹೇಳಿದ್ದರು. ಅದಕ್ಕೆ ಫೀಸು ಕೊಟ್ಟು ನನ್ನ ಹತ್ತಿರ ಯಾಕೆ ಬರಬೇಕು?

ಎರಡನೇ ಸಲ ಬಂದಾಗ ಕೇಳಿದರು, "ದುಃಖಕ್ಕೆ ಐದು ಹಂತ ಅಂತಾರಲ್ಲ, ನಾನು ಎಷ್ಟನೇದರಲ್ಲಿದ್ದೀನಿ?" ಮೊಬೈಲಿನ ಕೃಪೆ, ಈ ಪ್ರಶ್ನೆ ಈಗ ಎಲ್ಲರೂ ಕೇಳುತ್ತಾರೆ. ಆ ಐದು ಹಂತಗಳನ್ನು ಎಲಿಜಬೆತ್ ಕೂಬ್ಲರ್-ರಾಸ್ ಎಂಬ ವೈದ್ಯೆ 1969ರಲ್ಲಿ ಹೇಳಿದ್ದು, ಸಾವಿನ ಅಂಚಿನಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ಹಿಂದೆ ಉಳಿದವರಿಗೆ ಅದು ಬಸ್ಸಿನ ಸ್ಟಾಪ್ ಥರ ಒಂದಾದ ಮೇಲೊಂದು ಬರುವುದಿಲ್ಲ. ಹಾಗಂತ ದುಃಖವನ್ನು ಪೂರಾ ಅದರ ಪಾಡಿಗೆ ಬಿಡುವವಳೂ ನಾನಲ್ಲ. ಆರು ತಿಂಗಳು ದಾಟಿದರೂ ದಿನದ ಕೆಲಸ ಸಾಗದಷ್ಟು ತೀವ್ರ ದುಃಖ ಹಾಗೇ ಇದ್ದರೆ ಅದನ್ನು ಕಾಯಿಲೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಈಗ ತನ್ನ ಪಟ್ಟಿಯಲ್ಲಿ ಸೇರಿಸಿದೆ. ಅದಕ್ಕೇ ನಿದ್ದೆ, ಊಟ, ಕೆಲಸ ಎಲ್ಲ ವಿಚಾರಿಸಿದೆ. ಬದುಕು ಬೇಡ ಅನ್ನಿಸುತ್ತದಾ ಅಂತಲೂ ನೇರವಾಗಿ ಕೇಳಿದೆ. ಹಾಗೇನೂ ಇರಲಿಲ್ಲ. (ಹಾಗೆ ಅನ್ನಿಸುವವರು ಈ ಬರಹ ಓದುತ್ತಾ ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿಗೆ ಫೋನ್ ಮಾಡಿ, 14416, ಕನ್ನಡದಲ್ಲೇ ಮಾತಾಡುತ್ತಾರೆ.)

ಮೂರನೇ ಸಲ ಮಗ ಜೊತೆಗೆ ಬಂದಿದ್ದ. 19 ವರ್ಷದ ಹುಡುಗ, ಬೈಕಲ್ಲಿ ಬಿಟ್ಟು ಹೋಗಲು ಬಂದವನು. ಹೊರಗೆ ಮಳೆ. ಒಳಗೇ ಕೂರಲಿ ಬಿಡಿ ಅಂದೆ. ಆಕೆ ಮಾಮೂಲಿ ಶುರು ಮಾಡಿದರು. ಅಮ್ಮ ಒಂದು ದಿನ ಬಾಯಿಬಿಟ್ಟು ಇದು ಬೇಕು ಅನ್ನಲಿಲ್ಲ, ಒಂದು ದಿನ ಬೇಜಾರು ತೋರಿಸಲಿಲ್ಲ, ಒಳಗೊಳಗೇ ಎಷ್ಟು ನೊಂದಿದ್ದರೋ.

ಹುಡುಗ ಮೊಬೈಲಿನಿಂದ ತಲೆ ಎತ್ತಿದ. "ಯಾರು? ಅಜ್ಜಿನಾ?"

"ಮತ್ತಿನ್ಯಾರು?"

"ಅಮ್ಮ, ಅಜ್ಜಿ ದಿನಾ ನನ್ನ ಹತ್ರ ನಿನ್ನ ಬೈಯ್ತಿದ್ರು. ಮಿಕ್ಸಿ ಚಟ್ನಿಗೆ ಬೈಯ್ತಿದ್ರು. ಹಿತ್ತಲಿಲ್ಲದ ಮನೆ ಒಂದು ಮನೆನಾ ಅಂತ ಬೈಯ್ತಿದ್ರು."

ಆಕೆ ಅವನನ್ನೇ ನೋಡುತ್ತಾ ಕೂತರು. ನಾನು ಬಾಯಿ ಹಾಕಲಿಲ್ಲ. ಅವನು ನನ್ನ ಮುಖ ನೋಡಿದ, ಹೇಳಲಾ ಬೇಡವಾ ಅನ್ನುವಂತೆ. ಹೇಳು ಅಂದೆ.

"ನನ್ನ ಎಸ್ಸೆಸ್ಸೆಲ್ಸಿ ಟೈಮಲ್ಲಿ ರಾತ್ರಿ ನನ್ನ ಜೊತೆ ಎಚ್ಚರ ಇರ್ತಿದ್ರಲ್ಲ, ಆಗ ಅಂದಿದ್ರು. ಮಾರಮ್ಮಂಗಾದ್ರೂ ಮೂರು ವರ್ಷಕ್ಕೊಂದ್ಸಲ ತವರುಮನೆ ಇದೆ, ನಿಮ್ಮಮ್ಮನ ದೆಸೆಯಿಂದ ನಂಗೆ ಅದೂ ಇಲ್ಲ ಅಂತ."

ಸಾಗರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ದೇವಿಗೆ ಎರಡು ಗುಡಿ. ಒಂದು ತವರುಮನೆ, ಇನ್ನೊಂದು ಗಂಡನ ಮನೆ. ಜಾತ್ರೆಯ ಮೊದಲ ದಿನ ಅವಳು ತವರಲ್ಲಿ ಕೂರುತ್ತಾಳೆ, ಮಡಿಲು ತುಂಬಿಸಿಕೊಳ್ಳುತ್ತಾಳೆ, ಆಮೇಲೆ ಗಂಡನ ಮನೆಗೆ ಹೋಗುತ್ತಾಳೆ.

ಹುಡುಗ ಎಡವಟ್ಟು ಮಾಡಿದ ಅಂದುಕೊಂಡೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳು ಅಂದುಕೊಂಡೆ, ನಗು. ಆಮೇಲೆ ಅಳುವೂ ಬಂತು. "ಹಂಗಂದ್ರಾ? ಸದ್ಯ, ಅಂದ್ರಲ್ಲ" ಅಂತ ಮೂರು ಸಲ ಹೇಳಿದರು.

ಆ 'ಸದ್ಯ' ನನ್ನನ್ನು ವಾರಗಟ್ಟಲೆ ಕಾಡಿತು. ಅಮ್ಮನಿಗೆ ನಿಜಕ್ಕೂ ಬೇಸರವಿತ್ತು ಅಂತ ಗೊತ್ತಾದರೆ ಮಗಳು ಕುಸಿಯಬೇಕಿತ್ತು, ಅಲ್ವಾ? ಆದರೆ ಆಕೆಯನ್ನು ಹೆದರಿಸಿದ್ದು ಅಮ್ಮನ ಬೇಸರವಲ್ಲ, ಅಮ್ಮನ ಮೌನ. ಆ ಮೌನವನ್ನು ನಾವೆಲ್ಲ ಸೇರಿ ಕಟ್ಟಿದ್ದೆವು, ಹೊಗಳಿ ಹೊಗಳಿ. ಅಜ್ಜಿ ಸುಮ್ನೆ ಕೂತವರೇ ಅಲ್ಲ. ಚೆನ್ನಾಗಿ ಬೈದುಕೊಂಡು, ಕೇಳಲು ಒಬ್ಬನನ್ನು ಇಟ್ಟುಕೊಂಡು ಬದುಕಿದ್ದರು.

ನಾನು ಕೊಟ್ಟ ಸಲಹೆ ಇಷ್ಟೇ. ಒಂದು ನೋಟ್‌ಬುಕ್ ತಗೊಳ್ಳಿ. ದಿನಕ್ಕೊಂದು ಸಾಲು. ಅಮ್ಮ ಮಾಡಿದ್ದು, ಆಡಿದ್ದು ಮಾತ್ರ ಬರೆಯಿರಿ. ತ್ಯಾಗ, ಮಮತೆ, ದೇವತೆ ಈ ಮೂರು ಪದ ಬರಕೂಡದು. ಮಕ್ಕಳೂ ಬರೆಯಲಿ, ತಮ್ಮನೂ ಬರೆಯಲಿ. ಜಾತ್ರೆ ತಪ್ಪಿಸಿದ್ದನ್ನೂ ಬರೆಯಿರಿ. ಅದು ತಪ್ಪೇ. ಆದರೆ ಅದು ನಾಲ್ಕು ಜಾತ್ರೆಯಷ್ಟು ದೊಡ್ಡ ತಪ್ಪು, 18 ವರ್ಷದಷ್ಟಲ್ಲ.

ತಮ್ಮ ನನಗೆ ಫೋನ್ ಮಾಡಿದರು. "ಸತ್ತವರ ಬಗ್ಗೆ ಇಂಥದ್ದೆಲ್ಲ ಬರೆಸ್ತೀರಲ್ಲ ಮೇಡಂ, ಇದೇನಾ ನೀವು ಕಲಿತಿರೋದು?" ಕೋಪ ಬಂತು, ಸುಳ್ಳು ಹೇಳುವುದಿಲ್ಲ. ಮಹಾಲಯ ಅಮಾವಾಸ್ಯೆಗೆ ಎಡೆ ಇಡ್ತೀರಾ ಅಂತ ಕೇಳಿದೆ. ಇಡ್ತೀವಿ ಅಂದರು. ಏನಿಡ್ತೀರಿ? "ಅಮ್ಮಂಗೆ ಇಷ್ಟ ಇದ್ದದ್ದು. ಮೀನು ಸಾರು, ಎಲೆ ಅಡಿಕೆ, ಹೊಗೆಸೊಪ್ಪು." ಹೊಗೆಸೊಪ್ಪನ್ನೂ ಬಿಡದೆ ಬಡಿಸುತ್ತೀರಿ, ನಾನು ಬರೆಯಿರಿ ಅಂದದ್ದೂ ಅದನ್ನೇ ಅಂದೆ. ಅವರು ಒಪ್ಪಲಿಲ್ಲ. ಈಗಲೂ ಒಪ್ಪಿಲ್ಲ.

ಪೇಪರಿನಲ್ಲಿ ಕೊನೆಗೆ ಬಂದದ್ದು ಫೋಟೋ, ಹೆಸರು, ತಾರೀಕು, "ಮಕ್ಕಳು, ಮೊಮ್ಮಕ್ಕಳು" ಅಷ್ಟೇ. ನೋಟ್‌ಬುಕ್ ಮೊನ್ನೆ ತಂದು ತೋರಿಸಿದರು. ಕೊನೆಯ ಸಾಲು ಮೊಮ್ಮಗಳ ಅಕ್ಷರದಲ್ಲಿತ್ತು: "ಅಜ್ಜಿ ಮೇಲಿನ ಮನೆ ಆಂಟಿಯ ಇಡ್ಲಿ ತಟ್ಟೆ ಇಸ್ಕೊಂಡು ವಾಪಸ್ ಕೊಟ್ಟಿಲ್ಲ. ಮಂಚದ ಕೆಳಗಿದೆ."