ಕರಗಿಹೋದ ಮಂಜುಗಡ್ಡೆಯ ಗುರುತು ಕೆಸರಿನಲ್ಲಿ ಸಿಗುತ್ತದೆ

ಮಂಜುಗಡ್ಡೆ ಕರಗಿದರೆ ಬರೀ ನೀರು ಅಲ್ವಾ, ಸಾವಿರಾರು ವರ್ಷಗಳ ಹಿಂದೆ ಆರ್ಕ್ಟಿಕ್ ಕಡಲಿನಲ್ಲಿ ಅದು ಇತ್ತೆಂದು ಹೇಗೆ ತಿಳಿಯುತ್ತದೆ ಎಂದು ಕೇಳಿದ್ದೀರಿ. ಸುಳಿವು ಸಿಗುವುದು ಕಡಲ ತಳದ ಕೆಸರಿನಲ್ಲಿ. ವಸಂತದಲ್ಲಿ ಮಂಜುಗಡ್ಡೆಯ ಅಡಿಭಾಗದಲ್ಲಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಬೆಳೆಯುತ್ತದೆ. ಅದರ ಕೆಲವೇ ಜಾತಿಗಳು 25 ಇಂಗಾಲದ ಪರಮಾಣುಗಳಿರುವ ಒಂದು ವಸ್ತುವನ್ನು ತಯಾರಿಸುತ್ತವೆ. ಗಡ್ಡೆ ಕರಗಿದಾಗ ಅದು ತಳಕ್ಕಿಳಿದು ಕೆಸರಿನಲ್ಲಿ ಉಳಿಯುತ್ತದೆ. 2007ರಲ್ಲಿ ಇದಕ್ಕೆ ಐಪಿ25 ಎಂದು ಹೆಸರಿಟ್ಟರು.

ಆದರೆ ಅದು ಸಿಗಲಿಲ್ಲ ಎಂದ ಮಾತ್ರಕ್ಕೆ ಮಂಜುಗಡ್ಡೆ ಇರಲಿಲ್ಲ ಅನ್ನಬೇಡಿ. ವರ್ಷವಿಡೀ ದಪ್ಪ ಗಡ್ಡೆ ಮುಚ್ಚಿದ್ದರೂ ಬೆಳಕು ಸಾಲದೆ ಆ ಪಾಚಿ ಬೆಳೆಯುವುದಿಲ್ಲ. ಅದಕ್ಕೇ ತೆರೆದ ನೀರಿನ ಪಾಚಿಗಳ ಗುರುತನ್ನೂ ಜೊತೆಗೆ ಅಳೆಯುತ್ತಾರೆ. ನನ್ನ ಪ್ರಕಾರ ಈ ಜೋಡಿ ಅಳತೆಯೇ ಇಡೀ ವಿಧಾನದ ಜೀವಾಳ. ಎರಡೂ ಬಹುತೇಕ ಸಿಗದಿದ್ದರೆ ಕಾಯಂ ಗಡ್ಡೆ ಇದ್ದಿರಬೇಕು. ತೆರೆದ ನೀರಿನದು ಮಾತ್ರ ಜಾಸ್ತಿ ಇದ್ದರೆ ಗಡ್ಡೆಯಿಲ್ಲದ ಕಡಲು. ಎರಡೂ ಧಾರಾಳವಾಗಿ ಸಿಕ್ಕರೆ ಗಡ್ಡೆಯ ಅಂಚು ಅಲ್ಲೇ ಆಸುಪಾಸಿನಲ್ಲಿತ್ತು.