ಒಪೆರಾ ಗಾಯಕರು ಐವತ್ತಕ್ಕೇ ನಿಲ್ಲಿಸುತ್ತಾರೆ, ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್‌ಗಳು ತೊಂಬತ್ತರಲ್ಲೂ ದುಡಿಯುತ್ತಾರೆ. ಯಾಕೆ?

ನಿಮಗೆ 24 ವರ್ಷ, ಸೊಪ್ರಾನೊ (ಹೆಂಗಸರ ಅತಿ ಎತ್ತರದ ದನಿ) ಆಗಿ ಪಾಶ್ಚಾತ್ಯ ಶಾಸ್ತ್ರೀಯ ಗಾಯನ ಕಲಿಯುತ್ತಿದ್ದೀರಿ, ಪಿಯಾನೊ ಕೂಡ ಬರುತ್ತದೆ ಎಂದು ಬರೆದಿದ್ದೀರಿ. ಗಾಯಕರ ಕಾಲ ಬೇಗ ಮುಗಿಯುತ್ತದೆ, ಕಂಡಕ್ಟರ್‌ಗಳದ್ದು ಮುಗಿಯುವುದೇ ಇಲ್ಲ, ಹಾಗಿದ್ದರೆ ಈಗಲೇ ಕಂಡಕ್ಟಿಂಗ್ ಕಡೆ ಹೊರಳುವುದು ಒಳ್ಳೆಯದಲ್ವಾ ಎಂಬುದು ನಿಮ್ಮ ಪ್ರಶ್ನೆ.

ನನ್ನ ಕೆಲಸ ಪಿಯಾನೊ ಮುಂದೆ ಕೂತು ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಗಾಯಕರಿಗೆ ಪಾತ್ರ ಕಲಿಸುವುದು. ರಿಹರ್ಸಲ್ ಶುರುವಾದ ಮೇಲೆ ಕಂಡಕ್ಟರ್ ಕೈ ನೋಡಿಕೊಂಡು ನುಡಿಸುತ್ತೇನೆ. ಎರಡೂ ಕಡೆಯವರ ಪಾಡು ಹತ್ತಿರದಿಂದ ಕಾಣುತ್ತದೆ. ಹಾಗಾಗಿ ಹೇಳುತ್ತೇನೆ, ಬರೀ ವಯಸ್ಸಿನ ಲೆಕ್ಕ ಹಾಕಿ ಈ ತೀರ್ಮಾನ ಮಾಡಬೇಡಿ. ಗಾಯಕರನ್ನು ಬೇಗ ವೇದಿಕೆಯಿಂದ ಇಳಿಸುವುದು ವಯಸ್ಸಿಗಿಂತ ಜಾಸ್ತಿ, ಹೊತ್ತಿಗೆ ಮುಂಚೆ ಒಪ್ಪಿಕೊಂಡ ಪಾತ್ರಗಳು.

ಮೊದಲು ದೇಹದ ಮಾತು. ಒಪೆರಾದಲ್ಲಿ ಮೈಕ್ ಇಲ್ಲ. ದೊಡ್ಡ ಆರ್ಕೆಸ್ಟ್ರಾ ದಾಟಿ ಹಿಂದಿನ ಸಾಲಿನವರೆಗೆ ಶಾರೀರ ತಲುಪಬೇಕು. ಆರ್ಕೆಸ್ಟ್ರಾದ ಜೋರು ಹೆಚ್ಚಾಗಿ 500 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ತರಬೇತಿ ಪಡೆದ ಗಂಡು ದನಿಗಳು 3000 ಹರ್ಟ್ಸ್ ಸುತ್ತ ಹೆಚ್ಚು ಹೊಳಪು ತಂದುಕೊಂಡು ಅದರ ಮೇಲೆ ಕೇಳಿಸುತ್ತವೆ. ಸೊಪ್ರಾನೊಗಳು ಮೇಲಿನ ಸ್ವರಗಳಲ್ಲಿ ದವಡೆ ತೆರೆಯುವ ರೀತಿಯಿಂದಲೇ ಆ ಕೆಲಸ ಮಾಡುತ್ತಾರೆ. ಸೊಪ್ರಾನೊ ತಾರಕದಲ್ಲಿ ಹಾಡುವ ಆ ಹೆಸರಾಂತ 'ಹೈ ಸಿ' ಸ್ವರಕ್ಕೆ ಸ್ವರತಂತುಗಳು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಒಂದಕ್ಕೊಂದು ತಾಗಬೇಕು. ಅಷ್ಟು ಸಣ್ಣ ಅಂಗದ ಮೇಲೆ ಇಡೀ ಜೀವನ ನಿಂತಿರುತ್ತದೆ.

ವಯಸ್ಸು ಅದನ್ನು ಬಿಡುವುದಿಲ್ಲ, ನಿಜ. ಧ್ವನಿಪೆಟ್ಟಿಗೆಯ ಮೃದ್ವಸ್ಥಿ ಗಟ್ಟಿಯಾಗುತ್ತಾ ಬರುತ್ತದೆ. ಉಸಿರಿನ ಬಲ ಕಡಿಮೆಯಾಗುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರ ದನಿ ಸಾಮಾನ್ಯವಾಗಿ ತುಸು ಕೆಳಗಿಳಿಯುತ್ತದೆ, ಮೇಲಿನ ಸ್ವರಗಳು ಕಷ್ಟವಾಗುತ್ತವೆ. ಸ್ವರದ ನಡುಕ ನಿಧಾನವಾಗಿ ಅಗಲವಾಗುತ್ತದೆ. ಕೇಳುವವರಿಗೆ ಮೊದಲು ಗೊತ್ತಾಗುವುದು ಅದೇ.

ಆದರೆ ಇದೆಲ್ಲ ಒಂದೇ ಹೊತ್ತಿಗೆ ಎಲ್ಲರಿಗೂ ಆಗುವುದಿಲ್ಲ. ಮರಿಯಾ ಕಲ್ಲಾಸ್ ಕೊನೆಯ ಸಲ ಒಪೆರಾ ವೇದಿಕೆ ಮೇಲೆ ಹಾಡಿದ್ದು 1965ರ ಜುಲೈನಲ್ಲಿ, ಲಂಡನ್ನಿನ ಕವೆಂಟ್ ಗಾರ್ಡನ್‌ನಲ್ಲಿ. ಆಗ ಅವರಿಗೆ 41 ವರ್ಷ. ಮಗ್ದಾ ಒಲಿವೆರೊ ಅವರು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಮೊದಲ ಸಲ ಹಾಡಿದ್ದು 1975ರಲ್ಲಿ, 65ನೇ ವಯಸ್ಸಿಗೆ. ಇಬ್ಬರೂ ಸೊಪ್ರಾನೊಗಳೇ. ಬರೀ ವಯಸ್ಸೇ ಕಾರಣವಾಗಿದ್ದರೆ ಈ ಅಂತರ ಬರುತ್ತಿತ್ತಾ?

ಕಲ್ಲಾಸ್ 1949ರಲ್ಲಿ ವೆನಿಸ್‌ನಲ್ಲಿ ಏನು ಮಾಡಿದರು ನೋಡಿ. ಜರ್ಮನ್ ಸಂಗೀತಕಾರ ವಾಗ್ನರ್‌ನ ಒಪೆರಾದ ಬ್ರುನ್‌ಹಿಲ್ಡೆ ಪಾತ್ರ ಹಾಡುತ್ತಿದ್ದರು. ಅದು ಉಕ್ಕಿನಂಥ ದನಿ ಬೇಡುವ ಭಾರೀ ಪಾತ್ರ. ಇನ್ನೊಬ್ಬ ಗಾಯಕಿಗೆ ಕಾಯಿಲೆಯಾಯಿತು ಎಂದು ಕೆಲವೇ ದಿನಗಳಲ್ಲಿ ಇಟಲಿಯ ಸಂಗೀತಕಾರ ಬೆಲ್ಲಿನಿಯ ಒಪೆರಾದ ಎಲ್ವಿರಾ ಪಾತ್ರ ಕಲಿತು ಹಾಡಿದರು. ಅದು ನಾಜೂಕಾದ, ಓಡುವ ಸ್ವರಗಳ ಪಾತ್ರ. ಆಗಿನ್ನೂ ಅವರಿಗೆ 25. ಇಡೀ ಸಂಗೀತಲೋಕ ಬೆರಗಾಯಿತು, ಆಗಬೇಕಾದ್ದೇ. ಮುಂದೆ ಅವರ ದನಿ ಯಾಕೆ ಅಷ್ಟು ಬೇಗ ಸೋತಿತು ಎಂಬುದರ ಬಗ್ಗೆ ಇವತ್ತಿಗೂ ವಾದ ನಡೆಯುತ್ತದೆ. ತೂಕ ಇಳಿಸಿದ್ದು, ಕಾಯಿಲೆ, ಮನಸ್ಸಿನ ನೋವು, ಹೀಗೆ ಹತ್ತಾರು ಕಾರಣ ಹೇಳುತ್ತಾರೆ. ಎಳೆ ವಯಸ್ಸಿನಲ್ಲಿ ಅಷ್ಟೊಂದು ಭಾರ ಹೊತ್ತಿದ್ದನ್ನೂ ಹಲವರು ಆ ಪಟ್ಟಿಗೆ ಸೇರಿಸುತ್ತಾರೆ.

ಇನ್ನೊಂದು ತುದಿಯಲ್ಲಿ ಟೆನರ್ (ಗಂಡಸರ ಎತ್ತರದ ದನಿ) ಆಲ್ಫ್ರೆದೊ ಕ್ರೌಸ್ ಇದ್ದಾರೆ. 1956ರಲ್ಲಿ ಕೈರೊದಲ್ಲಿ ವೇದಿಕೆ ಏರಿದವರು, 70ರ ಹತ್ತಿರವೂ ಹಾಡುತ್ತಿದ್ದರು. ತಮ್ಮ ಹಗುರ ದನಿಗೆ ಒಗ್ಗುವ ಕೆಲವೇ ಪಾತ್ರಗಳನ್ನು ಇಟ್ಟುಕೊಂಡು ಉಳಿದದ್ದಕ್ಕೆ ಬೇಡ ಎಂದರು. ಭಾರದ ಪಾತ್ರ ಎಂದರೆ ಎಲ್ಲರಿಗೂ ಹಾನಿ ಎಂದು ನಾನು ಹೇಳುತ್ತಿಲ್ಲ. ಸೊಪ್ರಾನೊ ಬಿರ್ಗಿಟ್ ನಿಲ್ಸನ್ ವಾಗ್ನರ್‌ನ ಭಾರದ ಪಾತ್ರಗಳನ್ನೂ ಹಾಡಿಕೊಂಡು 1984ರವರೆಗೆ ನಡೆದರು, ಆಗ ಅವರು ಅರವತ್ತು ದಾಟಿದ್ದರು. ಅವರ ದನಿ ಹುಟ್ಟಿದ್ದೇ ಅದಕ್ಕೆ. ನಿಮ್ಮ ದನಿ ಯಾವುದಕ್ಕೆ ಎಂದು ತಿಳಿಯಲು ಸಮಯ ಬೇಕು. ಹಗುರ ದನಿಗಳು ಇಪ್ಪತ್ತರ ಹರೆಯದಲ್ಲೇ ಪಕ್ವವಾಗಬಹುದು. ದೊಡ್ಡ, ಭಾರದ ದನಿಗಳಿಗೆ ಮೂವತ್ತೈದಾದರೂ ಆಗಬೇಕು.

ಹಾಗಿದ್ದರೆ ಬೇಡ ಎನ್ನುವುದಕ್ಕೆ ಏನು ಕಷ್ಟ? ದುಡ್ಡು. ನನಗೆ ತುಂಬಾ ಸಂಕಟ ಆಗುವುದು ಇದರ ಬಗ್ಗೆಯೇ. ಸ್ವತಂತ್ರವಾಗಿ ದುಡಿಯುವ ಗಾಯಕರಿಗೆ ಹೆಚ್ಚಿನ ಕಡೆ ಒಂದೊಂದು ಪ್ರದರ್ಶನಕ್ಕೆ ಇಷ್ಟು ಎಂದು ಸಂಭಾವನೆ. ವಾರಗಟ್ಟಲೆ ರಿಹರ್ಸಲ್ ಅದರಲ್ಲೇ ಸೇರಿಹೋಗುತ್ತದೆ. ನೆಗಡಿಯಾಗಿ ಹಾಡಲಾಗದಿದ್ದರೆ ಆ ರಾತ್ರಿಯ ಹಣ ಇಲ್ಲ. ಏಜೆಂಟ್ ಪಾಲು, ಊರೂರು ಓಡಾಟ, ಬಾಡಿಗೆ ಕೋಣೆ, ಪಾತ್ರ ಕಲಿಯುವ ಖರ್ಚು, ಎಲ್ಲವೂ ಗಾಯಕರ ತಲೆ ಮೇಲೆ. 2020ರಲ್ಲಿ ಥಿಯೇಟರ್‌ಗಳು ಮುಚ್ಚಿದಾಗ ಇಂಥ ಎಷ್ಟೋ ಜನರ ಕಾಂಟ್ರಾಕ್ಟ್ ರಾತ್ರೋರಾತ್ರಿ ಬಿದ್ದುಹೋಯಿತು. ಇಂಥ ಬದುಕಿನಲ್ಲಿ ದೊಡ್ಡ ಪಾತ್ರ ಬಾಗಿಲಿಗೆ ಬಂದರೆ ಬೇಡ ಎನ್ನಲು ಎದೆ ಗಟ್ಟಿ ಇರಬೇಕು.

ಇನ್ನೊಂದು ತೊಡಕೂ ಇದೆ. ದೊಡ್ಡ ಒಪೆರಾ ಮನೆಗಳು ಮೂರು ನಾಲ್ಕು ವರ್ಷ ಮುಂಚೆಯೇ ಗಾಯಕರನ್ನು ಗೊತ್ತು ಮಾಡುತ್ತವೆ. ಮೂವತ್ತನೇ ವಯಸ್ಸಿನ ದನಿ ಕೇಳಿ, ಮೂವತ್ತನಾಲ್ಕರ ದನಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ನಾನು ಪಾತ್ರ ಕಲಿಸಿದ ಒಬ್ಬ ಸೊಪ್ರಾನೊ ಹೀಗೇ ಸಹಿ ಹಾಕಿದ್ದರು. ಆ ದಿನ ಬಂದಾಗ ಅವರ ದನಿ ಆ ಪಾತ್ರದ ಕಡೆ ಬೆಳೆದೇ ಇರಲಿಲ್ಲ. ಒತ್ತಿ ಒತ್ತಿ ಹಾಡಿದರು. ಪ್ರದರ್ಶನ ಚೆನ್ನಾಗಿಯೇ ಹೋಯಿತು, ಚಪ್ಪಾಳೆಯೂ ಬಿತ್ತು. ಆದರೆ ಮೆಲ್ಲಗೆ ಎತ್ತಿಕೊಳ್ಳುತ್ತಿದ್ದ ಮೇಲಿನ ಸ್ವರಗಳು ಮರಳಿ ಬರಲು ಬಹಳ ಕಾಲ ಹಿಡಿಯಿತು.

ಜರ್ಮನಿಯ ವ್ಯವಸ್ಥೆ ಈ ವಿಷಯದಲ್ಲಿ ಸ್ವಲ್ಪ ಮೇಲು. ಅಲ್ಲಿ ಸರ್ಕಾರಿ ಹಣದಲ್ಲಿ ನಡೆಯುವ ಸುಮಾರು 80 ಒಪೆರಾ ಮನೆಗಳಿವೆ. ಹಲವು ಕಡೆ ಗಾಯಕರನ್ನು ತಿಂಗಳ ಸಂಬಳಕ್ಕೆ ಇಟ್ಟುಕೊಳ್ಳುತ್ತಾರೆ. ಯಾವ ಬಗೆಯ ದನಿ, ಅದಕ್ಕೆ ಯಾವ ಪಾತ್ರಗಳು ಎಂಬ ವಿಂಗಡಣೆ ಅಲ್ಲಿ ಗಟ್ಟಿಯಾಗಿದೆ. ಆದರೆ ಅಲ್ಲೂ ಕಾಂಟ್ರಾಕ್ಟ್ ವರ್ಷ ವರ್ಷ ಮುಂದುವರಿಯಬೇಕು, ಒಂದೇ ಒಪೆರಾ ಮನೆಯಲ್ಲಿ 15 ವರ್ಷ ತುಂಬಿದ ಮೇಲಷ್ಟೇ ಕೆಲಸ ಭದ್ರ. ಹದಿನೈದು ತುಂಬುವ ಮೊದಲೇ ಕೈಬಿಡುವುದೂ ಉಂಟು. ಕೋರಸ್‌ನಲ್ಲಿ ಹಾಡುವವರಿಗೆ ಇದಕ್ಕಿಂತ ನೆಮ್ಮದಿ. ಕೋರಸ್ ಕೆಲಸವನ್ನು ಸೋಲು ಎಂದು ನೋಡುವವರ ಮಾತು ದಯವಿಟ್ಟು ಕೇಳಬೇಡಿ. ಅದು ಕಷ್ಟದ, ಗೌರವದ ಕೆಲಸ.

ಈಗ ಕಂಡಕ್ಟರ್‌ಗಳ ವಿಷಯ. ಅವರ ವಾದ್ಯ ಬೇರೆಯವರ ಕೈಯಲ್ಲಿ, ಬೇರೆಯವರ ಗಂಟಲಲ್ಲಿ ಇರುತ್ತದೆ. ತೋಳು ನಿಧಾನವಾದರೂ, ಕುರ್ಚಿಯಲ್ಲಿ ಕೂತರೂ ಕೆಲಸ ನಡೆಯುತ್ತದೆ. ಕಿವಿ, ನೆನಪು, ಒಂದು ಕೃತಿಯ ಜೊತೆ ಕಳೆದ ವರ್ಷಗಳು ಇವೇ ಅವರ ಬಂಡವಾಳ, ಅದು ಬೆಳೆಯುತ್ತಲೇ ಇರುತ್ತದೆ. 1927ರಲ್ಲಿ ಹುಟ್ಟಿದ ಹರ್ಬರ್ಟ್ ಬ್ಲೂಮ್‌ಸ್ಟೆಟ್ 95 ದಾಟಿದ ಮೇಲೂ ಕಂಡಕ್ಟ್ ಮಾಡಿದ್ದಾರೆ. ತೊಸ್ಕನೀನಿ 87ರಲ್ಲಿ ಕೊನೆಯ ಕಛೇರಿ ಕೊಟ್ಟರು. ಸ್ಟೊಕೊವ್ಸ್ಕಿ ತೊಂಬತ್ತು ದಾಟಿದ ಮೇಲೆ, ನೂರು ತುಂಬುವವರೆಗೆ ರೆಕಾರ್ಡಿಂಗ್ ಮಾಡುವ ಕಾಂಟ್ರಾಕ್ಟಿಗೆ ಸಹಿ ಹಾಕಿದ್ದರು.

ಆದರೆ ನಮ್ಮ ಕಣ್ಣಿಗೆ ಬೀಳುವುದು ಉಳಿದವರು ಮಾತ್ರ. ಜುಸೆಪ್ಪೆ ಸಿನೊಪೊಲಿ 2001ರಲ್ಲಿ ಬರ್ಲಿನ್‌ನಲ್ಲಿ ಒಪೆರಾ ಕಂಡಕ್ಟ್ ಮಾಡುತ್ತಲೇ ಕುಸಿದು ತೀರಿಕೊಂಡರು, 54 ವರ್ಷ. ಮಾರಿಸ್ ಯಾನ್ಸನ್ಸ್‌ಗೆ 1996ರಲ್ಲಿ ಓಸ್ಲೊದಲ್ಲಿ ಒಪೆರಾ ನಡುವೆಯೇ ಹೃದಯಾಘಾತವಾಯಿತು. ಇನ್ನು ಮೂವತ್ತರಲ್ಲೇ ಅವಕಾಶ ಸಿಗದೆ ಬಿಟ್ಟುಹೋದವರ ಹೆಸರು ಯಾರಿಗೂ ಗೊತ್ತಿಲ್ಲ. ಗಾಯಕಿ ಮನೆಯಲ್ಲೇ ದಿನವೂ ಅಭ್ಯಾಸ ಮಾಡಬಹುದು, ಕಂಡಕ್ಟರ್‌ಗೆ ಅಭ್ಯಾಸಕ್ಕೆ ಐವತ್ತು ಅರವತ್ತು ಜನ ಬೇಕು. ಆ ಜನರನ್ನು ಯಾರು ಕೊಡುತ್ತಾರೆ? 19ನೇ ವಯಸ್ಸಿಗೆ ತೊಸ್ಕನೀನಿ ಚೆಲ್ಲೊ ವಾದಕರ ಸಾಲಿನಿಂದ ಎದ್ದು ಬಂದು ಕಂಡಕ್ಟ್ ಮಾಡಿದ್ದು, ಬರ್ನ್‌ಸ್ಟೈನ್ 25ರಲ್ಲಿ ಕಾಯಿಲೆಬಿದ್ದ ಹಿರಿಯರ ಜಾಗಕ್ಕೆ ನಿಂತದ್ದು, ಇವೆಲ್ಲ ಅಪರೂಪ. ಹೆಚ್ಚಿನವರು ನನ್ನಂತೆ ಪಿಯಾನೊ ಮುಂದೆ ಶುರು ಮಾಡಿ, ಸಹಾಯಕರಾಗಿ, ಒಂದೊಂದೇ ಪ್ರದರ್ಶನ ಕೈಗೆ ಸಿಕ್ಕಿ ಮೇಲೆ ಬರುತ್ತಾರೆ. ಜಾರ್ಜ್ ಶೋಲ್ಟಿ ಬೆಳೆದದ್ದೂ ಬುಡಾಪೆಸ್ಟ್ ಒಪೆರಾದಲ್ಲಿ ಇದೇ ಕೆಲಸ ಮಾಡುತ್ತಾ. ಹೆಂಗಸರಿಗೆ ಈ ಬಾಗಿಲು ಇನ್ನೂ ತಡವಾಗಿ ತೆರೆಯಿತು. ಅಮೆರಿಕದ ದೊಡ್ಡ ಆರ್ಕೆಸ್ಟ್ರಾವೊಂದಕ್ಕೆ ಮಹಿಳೆ ಮೊದಲ ಸಲ ಸಂಗೀತ ನಿರ್ದೇಶಕಿ (ಮುಖ್ಯ ಕಂಡಕ್ಟರ್) ಆದದ್ದು 2007ರಲ್ಲಿ, ಬಾಲ್ಟಿಮೋರ್‌ನಲ್ಲಿ ಮರಿನ್ ಆಲ್ಸಪ್.

 

ಇನ್ನು ನಿಮ್ಮ ನಿರ್ಧಾರ. ಎರಡರಲ್ಲಿ ಒಂದನ್ನು ಈಗಲೇ ಬಿಡಬೇಕಿಲ್ಲ. ನತಾಲಿ ಸ್ಟುಟ್ಜ್‌ಮನ್ ವರ್ಷಗಟ್ಟಲೆ ಗಾಯಕಿಯಾಗಿದ್ದು ಆಮೇಲೆ ಕಂಡಕ್ಟರ್ ಆದರು, 2022ರಲ್ಲಿ ಅಟ್ಲಾಂಟಾ ಸಿಂಫನಿಯ ಸಂಗೀತ ನಿರ್ದೇಶಕಿಯಾದರು. ರೆನೆ ಯಾಕೊಬ್ಸ್ ಕೂಡ ಮೊದಲು ಗಾಯಕರೇ. ಉಸಿರು ಎಲ್ಲಿ ಬೇಕು ಎಂದು ಗೊತ್ತಿರುವ ಕಂಡಕ್ಟರ್‌ನನ್ನು ಗಾಯಕರು ಎಷ್ಟು ಪ್ರೀತಿಸುತ್ತಾರೆ ಎಂದು ನಾನು ರಿಹರ್ಸಲ್‌ಗಳಲ್ಲಿ ನೋಡುತ್ತಲೇ ಇರುತ್ತೇನೆ. ಗಾಯನ ಮುಂದುವರಿಸಿ. ಪಿಯಾನೊ ಬಿಡಬೇಡಿ, ಸ್ಕೋರ್ (ಬರೆದ ಸ್ವರಲಿಪಿ) ನೋಡಿ ನೇರವಾಗಿ ನುಡಿಸುವುದನ್ನು ಗಟ್ಟಿ ಮಾಡಿಕೊಳ್ಳಿ. ಇಟಾಲಿಯನ್, ಜರ್ಮನ್, ಫ್ರೆಂಚ್ ಮೂರರಲ್ಲಿ ಎರಡನ್ನಾದರೂ ಮಾತಾಡುವಷ್ಟು ಕಲಿಯಿರಿ. ಯಾರಾದರೂ ದೊಡ್ಡ ಪಾತ್ರ ಕೊಟ್ಟರೆ ಒಪ್ಪುವ ಮೊದಲು ಇಡೀ ಪಾತ್ರವನ್ನು ಒಂದೇ ಬೈಠಕ್‌ನಲ್ಲಿ ಹಾಡಿ ನೋಡಿ, ಮರುದಿನ ಬೆಳಿಗ್ಗೆ ಮೆಲ್ಲನೆಯ ದನಿಯಲ್ಲಿ ಮೇಲಿನ ಸ್ವರ ಎತ್ತಿ ನೋಡಿ. ಸ್ವರ ಬರದಿದ್ದರೆ ಆ ಪಾತ್ರ ಈಗ ಬೇಡ.

ಆಡಿಷನ್‌ಗೆ ಈಗ ಯಾವ ಐದು ಹಾಡು ಸಿದ್ಧ ಮಾಡಿಕೊಂಡಿದ್ದೀರಿ ಎಂದು ತಿಳಿಸಿ. ಅವು ನಿಮ್ಮ ವಯಸ್ಸಿಗೆ ಭಾರವಾದವೇ ಎಂದು ಒಂದೊಂದಾಗಿ ನೋಡಿ ಹೇಳುತ್ತೇನೆ.