ಸೋಲುವಾಗ ಮಾತ್ರ ನಿಧಾನ

‘ಅವರು ಬೇಕೂಂತಲೇ ತಡ ಮಾಡ್ತಿದಾರೆ’ ಎಂಬ ದೂರು ಹೊತ್ತು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬರುವವರು ಈಚೆಗೆ ಹೆಚ್ಚಾಗಿದ್ದಾರೆ. ಭಾಗಪತ್ರಕ್ಕೆ ಸಹಿ ಹಾಕದ ತಮ್ಮ, ಮೆಸೇಜು ನೋಡಿಯೂ ಉತ್ತರಿಸದ ಮಗಳು, ಹುಡುಗಿ ನೋಡಿಹೋದ ಮೇಲೆ ತಿಂಗಳುಗಟ್ಟಲೆ ಸುದ್ದಿಯೇ ಇಲ್ಲದ ಗಂಡಿನ ಕಡೆಯವರು. ಈ ಪ್ರಕರಣದಲ್ಲಿ ತಡ ಮಾಡುತ್ತಿದ್ದವನು ಮುಖವನ್ನೇ ನೋಡಿರದ ಒಬ್ಬ ಚೆಸ್ ಎದುರಾಳಿ. ಕೇಳಿದವರು ನಗುತ್ತಾರೆ. ನನಗೆ ಮಾತ್ರ ಇದು ಉಳಿದೆಲ್ಲಕ್ಕಿಂತ ಸ್ಪಷ್ಟವಾಗಿ ಕಂಡಿತು. ಸಂಸಾರದ ಜಗಳದಲ್ಲಿ ಯಾರ ಸರದಿ ಎಂಬುದೇ ತಕರಾರು. ಇಲ್ಲಿ ಅದು ಫೋನಿನ ಪರದೆಯ ಮೇಲೇ ಬರೆದಿರುತ್ತದೆ.

ಅವರನ್ನು ರಾಯರು ಎನ್ನೋಣ. ಊರು, ಕೆಲಸ ಎರಡನ್ನೂ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ. ದೊಡ್ಡ ಹುದ್ದೆಯಿಂದ ನಿವೃತ್ತರು. ಕಾಲೇಜು ದಿನಗಳಲ್ಲಿ ಪೋಸ್ಟ್‌ಕಾರ್ಡಿನಲ್ಲಿ ಚೆಸ್ ಆಡಿದವರು. ಬೋರ್ಡಿನ ಪ್ರತಿ ಮನೆಗೂ ಎರಡು ಅಂಕಿ. ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದರೆ ಕಾರ್ಡಿನಲ್ಲಿ ‘5254’ ಎಂದು ಬರೆದರಾಯಿತು, ರಷ್ಯದವನಿಗೂ ಅರ್ಥವಾಗುತ್ತಿತ್ತು ಎಂದು ಮೊದಲ ಭೇಟಿಯಲ್ಲೇ ನನಗೆ ಪಾಠ ಮಾಡಿದರು. ಈಗ ಅದೇ ಆಟ ಆನ್‌ಲೈನಿನಲ್ಲಿ. ಕರೆತಂದವರು ಹೆಂಡತಿ. ರಾತ್ರಿ ಎರಡು ಗಂಟೆಗೆ ಎದ್ದು ಫೋನ್ ನೋಡುತ್ತಾರೆ, ಬಿಪಿ ಏರಿದೆ, ಊಟದ ಹೊತ್ತಿನಲ್ಲಿ ಯಾರನ್ನೋ ಬೈಯುತ್ತಾರೆ.

ಬೈಗುಳಕ್ಕೆ ಗುರಿಯಾದವನ ಆಟ ಹೀಗಿತ್ತು. ಪ್ರತಿ ನಡೆಗೂ ಹದಿನಾಲ್ಕು ದಿನದ ಗಡುವು, ಲಿಚೆಸ್, ಚೆಸ್.ಕಾಮ್ ಎಂಬ ಎರಡು ಚೆಸ್ ತಾಣಗಳಲ್ಲೂ ಅಷ್ಟು ದೀರ್ಘ ಗಡುವು ಇಟ್ಟುಕೊಳ್ಳಬಹುದು. ಆಟ ಸಮಸಮವಾಗಿದ್ದಷ್ಟು ಕಾಲ ಆ ಮನುಷ್ಯ ಅದೇ ದಿನ, ತಪ್ಪಿದರೆ ಮರುದಿನ ಉತ್ತರಿಸುತ್ತಿದ್ದ. ಒಂದು ಆನೆ ಕಳೆದುಕೊಂಡ. ಅಲ್ಲಿಂದಾಚೆಗೆ ಪ್ರತಿ ನಡೆಗೂ ಹದಿಮೂರು ದಿನ ಮತ್ತು ಕೆಲವು ಗಂಟೆ. ಇನ್ನು ಇಪ್ಪತ್ತೈದು ನಡೆ ಉಳಿದಿದ್ದರೆ ಅವನೊಬ್ಬನ ಪಾಲಿನದೇ ಸುಮಾರು 330 ದಿನ. ರಾಯರು ಚಾಟ್‌ನಲ್ಲಿ ‘ಮಾನ ಇದ್ದರೆ ಸೋಲೊಪ್ಪಿ ರಿಸೈನ್ ಮಾಡು’ ಎಂಬರ್ಥದ ಇಂಗ್ಲಿಷು ಬರೆದರು, ಆಮೇಲೆ ಅದಕ್ಕಿಂತ ಕೆಟ್ಟದ್ದನ್ನು. ತಾಣದಿಂದ ಎಚ್ಚರಿಕೆ ಬಂದದ್ದು ರಾಯರಿಗೇ.

‘ಇದು ಸ್ಪೋರ್ಟ್ಸ್‌ಮನ್‌ಶಿಪ್ಪಾ ಮೇಡಂ?’

ಅಲ್ಲ ಎಂದೆ. ಎದುರಿನವನಿಗೂ ಏನೋ ಕಷ್ಟವಿರಬಹುದು, ತಾಯಿ ಆಸ್ಪತ್ರೆಯಲ್ಲಿರಬಹುದು ಎಂದು ಸಮಾಧಾನ ಹೇಳುವ ರೂಢಿ ನಮ್ಮ ವೃತ್ತಿಯಲ್ಲಿದೆ. ನಾನು ಅದನ್ನು ಆದಷ್ಟು ದೂರ ಇಡುತ್ತೇನೆ. ಅವನ ತಾಯಿ ಚೆನ್ನಾಗಿಯೇ ಇದ್ದಾರೆ ಎಂದು ನಾಳೆ ಗೊತ್ತಾದರೆ ಆ ಸಮಾಧಾನದ ಗತಿ? ಅಂತರರಾಷ್ಟ್ರೀಯ ಅಂಚೆ ಚೆಸ್ ಒಕ್ಕೂಟ ಐಸಿಸಿಎಫ್ ಶುರುವಾದದ್ದು 1951ರಲ್ಲಿ. ಅದರ ಆಟಗಾರರ ನಡುವೆ ಸೋಲುವಾಗ ಎಳೆಯುವ ಈ ಚಾಳಿಗೆ ‘ಡೆಡ್ ಮ್ಯಾನ್ಸ್ ಡಿಫೆನ್ಸ್’, ಅಂದರೆ ಸತ್ತವನ ರಕ್ಷಣೆ, ಎಂಬ ಅಡ್ಡಹೆಸರೇ ಇದೆ. ಅಲ್ಲಿ ಬಹುಕಾಲ ನಡೆದುಬಂದ ಲೆಕ್ಕ ಹತ್ತು ನಡೆಗೆ ಐವತ್ತು ದಿನ. ಒಂದೇ ನಡೆಗೆ ಇಪ್ಪತ್ತು ದಿನ ದಾಟಿದರೆ ಆಮೇಲಿನದು ಇಮ್ಮಡಿಯಾಗಿ ಕಳೆಯುತ್ತದೆ. ಎಳೆಯುವವರಿಗೆ ಹೆದರಿಯೇ ಇಂಥ ಕಟ್ಟುಪಾಡು ಮಾಡಿಕೊಳ್ಳುವುದು. ಹಾಗಾಗಿ ರಾಯರ ಸಿಟ್ಟು ಭ್ರಮೆಯಲ್ಲ. ಆದರೆ ನ್ಯಾಯವಾದ ಸಿಟ್ಟಿಗೂ ರಾತ್ರಿ ಎರಡು ಗಂಟೆಗೆ ಎಬ್ಬಿಸುವ ಅಧಿಕಾರವಿಲ್ಲ.

ಮುಂದಿನ ಭೇಟಿಯಲ್ಲಿ ಫೋನ್ ತೆಗೆದು ಎಲ್ಲ ಆಟಗಳನ್ನೂ ತೋರಿಸಿ ಎಂದೆ. ಮೇಲಿಂದ ಕೆಳಕ್ಕೆ ಸರಿಸುತ್ತ ಹೋದರು. ಪುಟ್ಟ ಪುಟ್ಟ ಬೋರ್ಡುಗಳು, ಪ್ರತಿಯೊಂದರ ಕೆಳಗೆ ಉಳಿದ ಸಮಯ. ನನಗೆ ಚೆಸ್ ಬರುವುದು ಕುದುರೆ ಹೇಗೆ ನೆಗೆಯುತ್ತದೆ ಎಂಬಷ್ಟೇ. ಆದರೂ ಮೂರು ಬೋರ್ಡುಗಳಲ್ಲಿ ‘ನಿಮ್ಮ ಸರದಿ’ ಎಂದಿತ್ತು, ಒಂದರಲ್ಲಿ ಉಳಿದಿದ್ದದ್ದು ಎರಡೇ ದಿನ.

‘ಇವು?’

‘ಅದು ಬೇರೆ ಮೇಡಂ. ಅಲ್ಲಿ ನಾನು ಯೋಚನೆ ಮಾಡ್ತಾ ಇದೀನಿ.’

‘ಕೊನೇ ಸಲ ಯಾವಾಗ ತೆಗೆದು ನೋಡಿದ್ರಿ?’

ಅವರು ಉತ್ತರಿಸಲಿಲ್ಲ. ಒಂದು ಬೋರ್ಡನ್ನು ಒತ್ತಿದರು. ಅವರ ಮಂತ್ರಿ ಹೋಗಿಯಾಗಿತ್ತು. ಮೂಲೆಯ ಬಿಳಿ ಬಾವುಟ ತೋರಿಸಿ, ಇದನ್ನು ಒತ್ತಿದರೆ ಏನಾಗುತ್ತದೆ ಎಂದು ಕೇಳಿದೆ. ರಿಸೈನ್ ಆಗುತ್ತೆ, ರೇಟಿಂಗ್, ಅಂದರೆ ಆಟದ ಮಟ್ಟ ಅಳೆಯುವ ಅಂಕ, ಇಳಿಯುತ್ತೆ ಎಂದರು. ಎಷ್ಟು? ಏಳೋ ಎಂಟೋ. ಅಷ್ಟಕ್ಕೇ? ಎಂದೆ. ಆಗ ಅವರು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಹೇಳಿದರು: ‘ರಿಟೈರ್ ಆದ ಮೇಲೆ ನನ್ನದು ಅಂತ ಏರ್ತಾ ಇರೋದು ಅದೊಂದೇ. ಸಂಬಳ ನಿಂತಿತು, ಪ್ರಮೋಷನ್ ಇಲ್ಲ, ಬಿಪಿ ಒಂದು ಏರುತ್ತೆ ಅಷ್ಟೆ. ರೇಟಿಂಗ್ ಇಳಿಯೋದನ್ನ ನಾಳೆ ನೋಡೋಣ ಅಂತ ಬಿಡ್ತೀನಿ.’

ಬಿಪಿ ಮಾತಿಗೆ ಇಬ್ಬರೂ ನಕ್ಕೆವು. ಆದರೆ ಕೆಲಸ ಶುರುವಾದದ್ದು ಅಲ್ಲಿಂದ. ಆ ಎದುರಾಳಿಯೂ ಬಾವುಟದ ಗುಂಡಿಯನ್ನು ನಾಳೆಗೆ ತಳ್ಳುತ್ತಿರಬಹುದೇ ಎಂದು ನಾನು ಕೇಳಲಿಲ್ಲ. ಕೇಳಬೇಕಾದ್ದೂ ಇರಲಿಲ್ಲ.

ನಾನು ಕೊಟ್ಟ ಸಲಹೆ ಎದುರಾಳಿಯ ಬಗ್ಗೆ ಅಲ್ಲ, ರಾಯರ ಬೋರ್ಡುಗಳ ಬಗ್ಗೆ. ಗೆಲ್ಲುವ ಆಟದಲ್ಲಿ ಯಾವ ವೇಗವೋ ಸೋಲುವ ಆಟದಲ್ಲೂ ಅದೇ ವೇಗ. ದಿನಕ್ಕೊಂದು ನಡೆ ಆಡುವವರು ಸೋಲುವಾಗಲೂ ದಿನಕ್ಕೊಂದು ನಡೆ ಆಡಲಿ. ವಾರಕ್ಕೊಂದು ಆಡುವವರು ವಾರಕ್ಕೊಂದು. ನಿಧಾನ ತಪ್ಪಲ್ಲ, ಈ ಆಟ ಇರುವುದೇ ನಿಧಾನಿಗಳಿಗಾಗಿ. ಬೋರ್ಡು ಕೆಟ್ಟಾಗ ಮಾತ್ರ ನಿಧಾನವಾಗುವುದು ತಪ್ಪು. ಹಾಗೆಂದು ತಕ್ಷಣ ರಿಸೈನ್ ಮಾಡಬೇಕೆಂದಿಲ್ಲ, ಕೊನೆಯವರೆಗೂ ಹೋರಾಡುವ ಹಕ್ಕು ಎಲ್ಲರಿಗೂ ಇದೆ. ಹೋರಾಟವೆಂದರೆ ನಡೆ ಆಡುವುದು.

ಎಳೆಯುವವನ ಆಟಕ್ಕೆ ಹೇಳಿದ್ದು ಇಷ್ಟೆ. ಚಾಟ್ ಮುಚ್ಚಿಬಿಡಿ. ಅವನು ಇದನ್ನು ಆಡಿದರೆ ನಾನು ಅದನ್ನು ಎಂದು ಮೊದಲೇ ಷರತ್ತಿನ ನಡೆಗಳನ್ನು ತುಂಬಿಸಿಡುವ ಸೌಲಭ್ಯವಿದೆ, ಬಳಸಿ. ಆ ಆಟದ ನೋಟಿಫಿಕೇಷನ್ ಬೇಡ. ಹೊಸ ಆಟಕ್ಕೆ ಮೂರು ದಿನದ ಗಡುವು ಇಡಿ. ಹದಿನಾಲ್ಕು ದಿನಕ್ಕೆ ಒಪ್ಪಿ ಕೂತವರು ಅವನು ಹದಿಮೂರನೇ ದಿನ ಬಂದನೆಂದು ದೂರಿದರೆ ಯಾರೂ ಕೇಳುವುದಿಲ್ಲ. ಅವನು ನಡೆ ಹೇಳಿಕೊಡುವ ಕಂಪ್ಯೂಟರ್ ಎಂಜಿನ್ನಿನ ಸಹಾಯ ಪಡೆಯುತ್ತಿದ್ದಾನೆಂಬ ಅನುಮಾನವಿದ್ದರೆ ಮಾತ್ರ ತಾಣಕ್ಕೆ ವರದಿ ಮಾಡಿ. ಐಸಿಸಿಎಫ್ ಎಂಜಿನ್ನಿಗೆ ಅವಕಾಶ ಕೊಟ್ಟರೂ ಇವರ ತಾಣದಲ್ಲಿ ಅದು ನಿಷಿದ್ಧ.

ಇದನ್ನು ಚೆಸ್ ಕಲಿಸುವ ಗೆಳೆಯರೊಬ್ಬರಿಗೆ ಹೆಸರು ಹೇಳದೆ ವಿವರಿಸಿದಾಗ ಅವರು ರೇಗಿದರು. ತಪ್ಪು ಮಾಡಿದವನು ಆರಾಮಾಗಿದ್ದಾನೆ, ನೀವು ಪೆಟ್ಟು ತಿಂದವರನ್ನೇ ತಿದ್ದುತ್ತೀರಿ ಎಂದರು. ಮನೆಗಳ ವಿಷಯದಲ್ಲೂ, ಅದರಲ್ಲೂ ಸೊಸೆಯಂದಿರ ವಿಷಯದಲ್ಲಿ, ಈ ಆಕ್ಷೇಪ ನನಗೆ ಬಂದಿದೆ. ಅಲ್ಲಿ ಅದು ಎಷ್ಟೋ ಸಲ ಸರಿಯೂ ಹೌದು. ಹೊಡೆಯುವ ಗಂಡನ ಹೆಂಡತಿಗೆ ‘ನಿನ್ನನ್ನು ನೀನು ನೋಡಿಕೋ’ ಎನ್ನುವ ಸಲಹೆಗಾರರನ್ನು ನಾನು ಸಲಹೆಗಾರರೆಂದೇ ಎಣಿಸುವುದಿಲ್ಲ. ಆದರೆ ರಾಯರು ಎದ್ದು ಹೋಗಬಹುದಾದ ಜಾಗದಲ್ಲಿ ಕೂತಿದ್ದರು. ಕಳೆದುಕೊಳ್ಳುತ್ತಿದ್ದದ್ದು ನಿದ್ದೆ. ನನ್ನ ಕೋಣೆಗೆ ಬಂದವರು ಅವರು, ಆ ಎದುರಾಳಿಯಲ್ಲ. ಬಾರದವನಿಗೆ ಕೊಟ್ಟ ಸಲಹೆಯಿಂದ ಯಾರ ನಿದ್ದೆಯೂ ಸುಧಾರಿಸುವುದಿಲ್ಲ.

ಮೂರರಲ್ಲಿ ಎರಡು ಆಟಗಳನ್ನು ಅವರು ಆ ವಾರವೇ ಬಿಟ್ಟುಕೊಟ್ಟರು. ಮೂರನೆಯದನ್ನು ಮರದ ಬೋರ್ಡಿನ ಮೇಲೆ ಜೋಡಿಸಿ ಕೂತು ನೋಡಿದರೆ ಅಷ್ಟೇನೂ ಕೆಟ್ಟಿರಲಿಲ್ಲವಂತೆ. ಇಬ್ಬರಿಗೂ ಒಂದೊಂದು ಒಂಟೆ, ಒಂದು ಬಿಳಿ ಮನೆಯದು, ಇನ್ನೊಂದು ಕಪ್ಪು ಮನೆಯದು. ಹಾಗಿದ್ದಾಗ ಕಾಲಾಳು ಕಡಿಮೆಯಿದ್ದರೂ ಡ್ರಾ ಆಗುವ ಸಂಭವ ಹೆಚ್ಚು ಎಂದು ನನಗೆ ಬಿಡಿಸಿ ಹೇಳಿದರು. ಯೋಚನೆ ಮಾಡುತ್ತಿದ್ದೇನೆ ಎಂದು ಸುಮ್ಮನೆ ಬಿಟ್ಟಿದ್ದ ಆಟ ಅದು. ಡ್ರಾ ಕೇಳಿದ್ದಾರೆ, ಎದುರಿನಾಕೆ ಇನ್ನೂ ಉತ್ತರಿಸಿಲ್ಲ.

ಹದಿಮೂರು ದಿನದವನ ಆಟ ನಡೆಯುತ್ತಲೇ ಇದೆ. ಬಿಪಿಗೆ ವೈದ್ಯರನ್ನು ಕಾಣಲು ಕಳಿಸಿದ್ದೇನೆ. ಮುಂದಿನ ಭೇಟಿಯಲ್ಲಿ ಚೆಸ್ ಬೇಡ, ನಿವೃತ್ತಿಯ ಮಾತಾಡೋಣ ಎಂದು ಗೊತ್ತುಮಾಡಿಕೊಂಡಿದ್ದೇವೆ, ಹೆಂಡತಿಯೂ ಬರುತ್ತಾರೆ.